ನಾಲ್ಕು ನಿಮಿಷದ ಗಂಟೆ

ಲೋಲಕದ ಪ್ರಯೋಗಕ್ಕೆ ತಂದ ಸ್ಟಾಪ್‌ವಾಚು,
ಹಿತ್ತಾಳೆಯ ಗಂಟೆ, ಒಂದು ಪ್ಲಾಸ್ಟಿಕ್ ಕುರ್ಚಿ:
ಇಷ್ಟು ನನ್ನ ಸರಂಜಾಮು.
ಶ್ರೀರಂಗಪಟ್ಟಣದ ಕಾಲೇಜಿನ ಲ್ಯಾಬು ಕಾಯುವ ಸಿದ್ದಾಚಾರಿ
ಇವತ್ತು ಸಮಯಪಾಲಕ.
ಮೂರು ನಿಮಿಷಕ್ಕೆ ಒಂದು ಏಟು, ನಾಲ್ಕಕ್ಕೆ ಎರಡು.

ಬೋರ್ಡಿನ ಮೇಲೆ ಮರಿಸ್ವಾಮಿ ಮೇಷ್ಟ್ರ ದುಂಡಕ್ಷರ:
‘ಒಂಟಿ ದೇಶದ ಅಣ್ವಸ್ತ್ರ: ಹಕ್ಕೋ, ಹುಚ್ಚೋ?’
ದೇಶದ ಹೆಸರೂ ಬರೆದಿದ್ದರು. ಕಾಗುಣಿತ ಅನುಮಾನವಾಗಿ
ಡಸ್ಟರಿನಲ್ಲಿ ಒರೆಸಿದರು.
ಬಿಳಿಯ ಮೋಡವೊಂದು ಅಲ್ಲೇ ಉಳಿಯಿತು.

ಪರವೋ ವಿರೋಧವೋ, ಚೀಟಿ ಹೇಳಬೇಕು.
ಹಾರ್ಲಿಕ್ಸ್ ಬಾಟಲಿಗೆ ಕೈ ಹಾಕಿದ
ಪಾಲಹಳ್ಳಿಯ ಸಿಂಚನಳಿಗೆ ಬಂದದ್ದು ‘ಪರ’.
ಅಯ್ಯೋ ಸಾರ್, ನಾನು ಬರ್ಕೊಂಡು ಬಂದಿರೋದು ವಿರೋಧ.
ಬಂದದ್ದು ಬಂತು, ಹೋಗವ್ವ, ಅಂದೆ.

ಅರಕೆರೆಯ ಲೋಹಿತನದು ದೊಡ್ಡ ಗಂಟಲು.
ಮೊದಲ ಪರೀಕ್ಷೆಯ ಇಸವಿ, ಆಮೇಲಿನವುಗಳ ಇಸವಿ,
ನೆಲ ನಡುಗಿದ ಪ್ರಮಾಣ ದಶಮಾಂಶ ಸಮೇತ.
‘ಬೀದಿಯಲ್ಲೊಂದು ಮನೆ. ಬಾಗಿಲು ಸದಾ ಬಂದ್.
ಒಳಗಿಂದ ಕತ್ತಿ ಮಸೆಯೋ ಸದ್ದು.
ಮಕ್ಕಳನ್ನ ಆ ಕಡೆ ಆಡಕ್ಕೆ ಬಿಡ್ತೀರಾ?’
ಬಿಡಲ್ಲ! ಎಂದಿತು ಹಿಂದಿನ ಬೆಂಚು.
ಚಪ್ಪಾಳೆಗೆ ಎಂಟು ಸೆಕೆಂಡು. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮೇಲುಕೋಟೆ ಕಡೆಯ ಹುಡುಗನೊಬ್ಬ ಎದ್ದ:
‘ಹೊರಗಿಂದ ಚಿಲಕ ಹಾಕಿದೋರು ಯಾರು?
ನಾವು ಸಿಡಿಸಿದಾಗ ಸಿಹಿ ಹಂಚಲಿಲ್ವಾ?’
ಹಂಚಿದ್ದೆವು. ಮೇ ತಿಂಗಳ ರಜೆ, ಆದರೂ
ಅರ್ಜಿ ಒಯ್ಯಲು ಬಂದವರ ಕೈಗೆಲ್ಲ ಮೈಸೂರುಪಾಕು.
ತಟ್ಟೆ ಹಿಡಿದವನು ನಾನೇ.
ಕೊನೆಯ ತುಂಡು ತಿಂದು ಬೆರಳು ನೆಕ್ಕಿದ್ದೂ ನೆನಪಿದೆ.

‘ಇದೇ ನಡುಗಡ್ಡೆಯಿಂದ
ಬಿದಿರಿಗೆ ಕಟ್ಟಿದ ಕಬ್ಬಿಣದ ಕೊಳವೆ ಹಾರಿದಾಗ
ಸಮುದ್ರದಾಚೆ ಹಿಂಗೇ ಸಭೆ ಸೇರಿ ಬೈದಿರಬೇಕು.’
ಹಾರಿತು, ಸರಿ. ಕೋಟೆ ಉಳೀತಾ?
ಲೋಹಿತ, ಕೂತಲ್ಲಿಂದಲೇ.
ಟಣ್. ಕೂತವರು ಮಾತಾಡಬಾರದು, ಎಂದೆ.
ಪ್ರಶ್ನೆ ಮಾತ್ರ ಎದ್ದು ನಿಂತೇ ಇತ್ತು.

ಸಿಂಚನ ಬಂದಳು. ಕೈಲಿದ್ದ ಹಾಳೆ
ಈಗ ಎದುರು ಪಕ್ಷದ್ದು. ಮಡಿಸಿದಳು.
ಮೈಕಿನ ಕತ್ತು ಬಗ್ಗಿಸಿಕೊಂಡಳು.
‘ಕ್ಷಿಪಣಿಯ ಉದ್ದ ಸಿಕ್ತು, ಮೀಟರಿನಲ್ಲಿ.
ಯಾವ ಊರಿಗೆ ಎಷ್ಟು ನಿಮಿಷ, ಅದೂ ಸಿಕ್ತು.
ಅಲ್ಲಿನೋರು ರಾತ್ರಿಗೆ ಏನು ಉಣ್ತಾರೆ ಅಂತ
ಮೂರು ದಿನ ಹುಡುಕಿದೆ.
ನನ್ನ ವಯಸ್ಸಿನೋಳು ಒಬ್ಬಳು
ಹಿಂಗೇ ಮೈಕಿನ ಮುಂದೆ ನಿಂತಿರಬಹುದು.
ಅವಳ ಬಾಟಲಿಯಲ್ಲಿ
ಎಲ್ಲಾ ಒಂದೇ ಥರದ ಚೀಟಿ ಇರುತ್ತಾ?’

ಅಷ್ಟಕ್ಕೇ ನಿಂತಳು. ನಿಂತೇ ಇದ್ದಳು.
ಮೂರು ನಿಮಿಷ ದಾಟಿತು. ಫ್ಯಾನು ಕಿರುಗುಟ್ಟಿತು.
ಮೈಸೂರು ಕಡೆಯ ರೈಲು ಹೋಯಿತು,
ಕಿಟಕಿಯ ಗಾಜು ಅದುರಿ ಸುಮ್ಮನಾದವು.
ಈ ಜೋಡಿ ಹಳಿಗೆ ಜಾಗವಾಗಲೆಂದು
ಹಳೇ ಮದ್ದಿನಮನೆಯನ್ನು, ಇಟ್ಟಿಗೆ ಕದಲದಂತೆ,
ಜಾಕು ಕೊಟ್ಟೆತ್ತಿ ಸರಿಸಿದ್ದನ್ನು ನೋಡಲು ಹೋಗಿದ್ದೆ.
ಒಳಗೆ ಚಿಟಿಕೆ ಮದ್ದಿಲ್ಲ, ಆದರೂ
ತುಂಬಿದ ಬಸುರಿಯ ಹಾಗೆ
ಅಷ್ಟು ಮೆಲ್ಲಗೆ ನಡೆದಿತ್ತು ಮನೆ.

ಟಣ್ ಟಣ್ ಅನ್ನಿಸಬೇಕಿತ್ತು.
ಬೆರಳು ವಾಚಿನ ಗುಂಡಿಯ ಮೇಲಿತ್ತು.
ಒತ್ತುವುದು ಸುಲಭ. ಗುಂಡಿ ಇರುವುದೇ ಅದಕ್ಕೆ.
ನಾಲ್ಕು ನಿಮಿಷ ಹನ್ನೊಂದು ಸೆಕೆಂಡು.
ಆಮೇಲೆ ಅವಳೇ ಕೆಳಗಿಳಿದಳು.

ತೀರ್ಪುಗಾರ ಚೆಲುವಯ್ಯನವರು ಕನ್ನಡಕ ಒರೆಸಿ,
ವಿಷಯಾಂತರ, ಐದು ಅಂಕ ಕಡಿತ, ಎಂದರು.
ಪಾರಿತೋಷಕ ಲೋಹಿತನ ಕಾಲೇಜಿಗೆ ಹೋಯಿತು.
ಸಿಂಚನಳಿಗೆ ಸಮಾಧಾನಕರ ಬಹುಮಾನ, ಒಂದು ಸ್ಟೀಲ್ ಡಬ್ಬಿ.
ಮುಚ್ಚಳ ತೆಗೆದು ಒಳಗೆ ನೋಡಿದಳು.
ಗಂಟೆ ಯಾಕೆ ಹೊಡೀಲಿಲ್ಲ ಸಾರ್?
ವಾಚು ಕೆಟ್ಟಿತ್ತು ಅಂದೆ. ಕೆಟ್ಟಿರಲಿಲ್ಲ.

ಮನೆಯಲ್ಲಿ ಕೆಮ್ಮುತ್ತಲೇ ಕೇಳಿದಳು ಇವಳು:
ಮದ್ದು ತಂದ್ರಾ?
ಮರೆತಿದ್ದೆ.
ರಾತ್ರಿಗೆ ಮುದ್ದೆ, ಹುರುಳಿಕಾಳಿನ ಬಸ್ಸಾರು.
ಎಲ್ಲೋ ಕೂತು ಯಾರಾದರೂ ನಮ್ಮನ್ನು ಹುಡುಕಿದರೆ
ಇದು ಸಿಗುವುದಿಲ್ಲ,
ನಮ್ಮ ಕ್ಷಿಪಣಿಯ ಉದ್ದ ಸಿಗುತ್ತದೆ.
ಏನು ಯೋಚನೆ, ಅಂದಳು,
ಇನ್ನೊಂದು ಸೌಟು ಬಿಡ್ಲಾ?